ಟೆಕ್ಸಸ್‌ನ ಗರ್ಭಪಾತ ಕಾನೂನು ಮತ್ತು ಹೆರಿಗೆ ವಾರ್ಡಿನ ಭಯ

(ಬೆಳಗಾವಿಯಲ್ಲಿ ನರ್ಸಿಂಗ್ ಮತ್ತು ಕಾನೂನು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಅಮೆರಿಕಕ್ಕೆ ಹೋಗುವ ಪರೀಕ್ಷೆ ಕಟ್ಟುತ್ತೀರಿ. ಹಿಂದಿನ ಸಾಲಿನಲ್ಲಿರುವ ಅಪ್ಪ ಅಮ್ಮಂದಿರಲ್ಲಿ ಕೆಲವರ ಮಕ್ಕಳು ಈಗಾಗಲೇ ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಮನೆ ಮಾಡಿದ್ದಾರೆ. ನಾನು ಟೆಕ್ಸಸ್‌ನ ಒಂದು ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಹಲವು ವರ್ಷ ನರ್ಸ್ ಆಗಿ ಕೆಲಸ ಮಾಡಿದವಳು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ನಾನು ಕಂಡದ್ದು ಅಲ್ಲಿನ ಬಹುಪಾಲು ಆಸ್ಪತ್ರೆಗಳಲ್ಲಿ ಇದ್ದದ್ದೇ.

ಟೆಕ್ಸಸ್ ಕಾನೂನಿನಲ್ಲಿ ತಾಯಿಯ ಜೀವಕ್ಕೆ ಅಪಾಯವಿದ್ದರೆ ಗರ್ಭಪಾತ ಮಾಡಬಹುದು ಎಂದು ಸ್ಪಷ್ಟವಾಗಿ ಬರೆದಿದೆ. ಬರೆದಿದ್ದರೂ ಅಲ್ಲಿ ಹೆಣ್ಣುಮಕ್ಕಳು ಮೈಯೆಲ್ಲ ನಂಜೇರಿ ಐಸಿಯು ಸೇರಿದರು, ಕೆಲವರು ತೀರಿಕೊಂಡರು. ವಿನಾಯಿತಿ ಇರುವ ಕಾನೂನಿನ ಕೆಳಗೆ ಹೀಗೇಕಾಯಿತು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕು ಅಂತಲೇ ಬಂದಿದ್ದೇನೆ.

ಮೊದಲು ಸ್ವಲ್ಪ ಇತಿಹಾಸ. ಅಮೆರಿಕದ ಗರ್ಭಪಾತದ ಕಾನೂನು ಹೋರಾಟ ಹುಟ್ಟಿದ್ದೇ ಟೆಕ್ಸಸ್‌ನಲ್ಲಿ. 1850ರ ದಶಕದಿಂದ ಅಲ್ಲಿ ಗರ್ಭಪಾತ ಅಪರಾಧವಾಗಿತ್ತು. ತಾಯಿಯ ಪ್ರಾಣ ಉಳಿಸಲು ಮಾತ್ರ ಮಾಡಬಹುದಿತ್ತು. 1970ರಲ್ಲಿ ಡಲ್ಲಾಸ್‌ನಲ್ಲಿ ಲಿಂಡಾ ಕಾಫಿ ಮತ್ತು ಸಾರಾ ವೆಡಿಂಗ್ಟನ್ ಎಂಬ ಇಬ್ಬರು ಯುವ ವಕೀಲೆಯರು ನಾರ್ಮಾ ಮೆಕಾರ್ವಿ ಎಂಬ ಬಡ ಬಸುರಿ ಹೆಂಗಸಿನ ಪರವಾಗಿ ದಾವೆ ಹೂಡಿದರು. ಆಕೆಯ ಹೆಸರನ್ನು ಮರೆಮಾಚಿ ‘ಜೇನ್ ರೋ’ ಎಂದು ಬರೆದರು. ಎದುರು ಪಕ್ಷ ಡಲ್ಲಾಸ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಸರ್ಕಾರಿ ಅಭಿಯೋಜಕ ಹೆನ್ರಿ ವೇಡ್. 1973ರ ಜನವರಿ 22ರಂದು ಸುಪ್ರೀಂ ಕೋರ್ಟು ಏಳು ಜನರ ಬಹುಮತದಿಂದ, ಇಬ್ಬರ ಭಿನ್ನಮತದೊಂದಿಗೆ, ಗರ್ಭಪಾತದ ಹಕ್ಕು ಸಂವಿಧಾನದಲ್ಲಿದೆ ಎಂದಿತು. ಇದೇ ರೋ ತೀರ್ಪು. ತೀರ್ಪು ಬರುವ ಹೊತ್ತಿಗೆ ಮೆಕಾರ್ವಿಗೆ ಹೆರಿಗೆಯಾಗಿ, ಮಗುವನ್ನು ದತ್ತು ಕೊಟ್ಟೂ ಆಗಿತ್ತು. ಕೋರ್ಟಿನ ಕಾಲಕ್ಕೂ ಬಸಿರಿನ ಕಾಲಕ್ಕೂ ಹೊಂದಿಕೆಯಾಗುವುದಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹಕ್ಕು ಬಂತು. ಅದು ಕೈಗೆಟಕಿತೇ ಎಂಬುದು ಬೇರೆ ಪ್ರಶ್ನೆ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ನಿಂದ ಗರ್ಭಪಾತಕ್ಕೆ ಕೇಂದ್ರದ ಹಣ ಕೊಡಕೂಡದು ಎಂದು ಹೈಡ್ ತಿದ್ದುಪಡಿ ಬಂತು. ಅದು ಜಾರಿಯಾದ ಕೆಲವೇ ತಿಂಗಳಲ್ಲಿ, 1977ರ ಅಕ್ಟೋಬರ್‌ನಲ್ಲಿ, ಮೆಕ್ಸಿಕೊ ಗಡಿಯ ಮೆಕಾಲನ್ ಊರಿನಲ್ಲಿ ರೋಸಿ ಹಿಮೆನೆಸ್ ಎಂಬ 27 ವರ್ಷದ ಕಾಲೇಜು ವಿದ್ಯಾರ್ಥಿನಿ, ಒಬ್ಬ ಮಗಳ ತಾಯಿ, ಕಡಿಮೆ ಹಣಕ್ಕೆ ಎಲ್ಲೋ ಗರ್ಭಪಾತ ಮಾಡಿಸಿಕೊಂಡು ಸೋಂಕಿನಿಂದ ಸತ್ತಳು. ಆಕೆಯ ಕೈಚೀಲದಲ್ಲಿ ವಿದ್ಯಾರ್ಥಿವೇತನದ ಚೆಕ್ ಹಾಗೇ ಇತ್ತು. ಓದಿಗೆಂದು ಬಂದ ಹಣ, ಅದನ್ನು ಮುಟ್ಟಿರಲಿಲ್ಲ. ದೇಶದಲ್ಲಿ ಗರ್ಭಪಾತ ಪೂರ್ತಿ ಕಾನೂನುಬದ್ಧವಾಗಿದ್ದ ಕಾಲದ ಸಾವು ಇದು.

ಮುಂದಿನ ದಶಕಗಳಲ್ಲಿ ಟೆಕ್ಸಸ್ ಶಾಸನಸಭೆ ಹಕ್ಕನ್ನು ನೇರವಾಗಿ ಕಿತ್ತುಕೊಳ್ಳಲಾಗದೆ ದಾರಿಯನ್ನು ಕಿರಿದು ಮಾಡುತ್ತ ಬಂತು. 2011ರಲ್ಲಿ ಕಡ್ಡಾಯ ಸ್ಕ್ಯಾನಿಂಗ್ ಮತ್ತು 24 ಗಂಟೆ ಕಾಯುವ ನಿಯಮ. ಅಂದರೆ ಎರಡು ಸಲ ಕ್ಲಿನಿಕ್ಕಿಗೆ ಬರಬೇಕು, ಎರಡು ದಿನದ ಕೂಲಿ ಬಿಡಬೇಕು. 2013ರಲ್ಲಿ ಎಚ್‌ಬಿ 2 ಎಂಬ ಮಸೂದೆ. ಕ್ಲಿನಿಕ್ಕಿನ ವೈದ್ಯರಿಗೆ 30 ಮೈಲಿಯೊಳಗಿನ ಆಸ್ಪತ್ರೆಯೊಂದರಲ್ಲಿ ರೋಗಿಯನ್ನು ದಾಖಲಿಸುವ ಅಧಿಕಾರ ಇರಬೇಕು, ಕ್ಲಿನಿಕ್ಕಿನ ಕಟ್ಟಡ ಶಸ್ತ್ರಚಿಕಿತ್ಸಾ ಕೇಂದ್ರದ ದರ್ಜೆಯದಾಗಿರಬೇಕು ಎಂದಿತು. ಇದನ್ನು ತಡೆಯಲು ಫೋರ್ಟ್ ವರ್ತ್‌ನ ಸೆನೆಟರ್ ವೆಂಡಿ ಡೇವಿಸ್ ಗುಲಾಬಿ ಬಣ್ಣದ ಓಟದ ಬೂಟು ಹಾಕಿಕೊಂಡು, ಕೂರದೆ, ಒರಗದೆ, ಒಂದು ಗುಟುಕು ನೀರೂ ಕುಡಿಯದೆ, ಅಧಿವೇಶನದ ಹೊತ್ತು ಮುಗಿದುಹೋಗಲೆಂದು ಸುಮಾರು 11 ಗಂಟೆ ಮಾತಾಡಿದರು. ಅವತ್ತು ಮಸೂದೆ ನಿಂತಿತು, ಮುಂದಿನ ತಿಂಗಳು ಮತ್ತೊಂದು ವಿಶೇಷ ಅಧಿವೇಶನ ಕರೆದು ಪಾಸು ಮಾಡಿದರು. ರಾಜ್ಯದಲ್ಲಿದ್ದ ಸುಮಾರು 40 ಕ್ಲಿನಿಕ್ಕುಗಳು ಸುಮಾರು 20ಕ್ಕೆ ಇಳಿದವು. 2016ರಲ್ಲಿ ಸುಪ್ರೀಂ ಕೋರ್ಟು ಆ ನಿಯಮಗಳನ್ನು ರದ್ದುಮಾಡಿತು. ಆದರೆ ಮುಚ್ಚಿದ ಕ್ಲಿನಿಕ್ಕುಗಳಲ್ಲಿ ಹೆಚ್ಚಿನವು ಮತ್ತೆ ತೆರೆಯಲಿಲ್ಲ. ಕಟ್ಟಡ ಮಾರಿ, ಸಿಬ್ಬಂದಿ ಬೇರೆ ಕಡೆ ಸೇರಿ ಆದಮೇಲೆ ಗೆದ್ದ ತೀರ್ಪಿನಿಂದ ಏನು ತೆರೆಯಲಾಗುತ್ತದೆ?

ಈಗ 2021ಕ್ಕೆ ಬರೋಣ. ಎಸ್‌ಬಿ 8 ಎಂಬ ಕಾನೂನಿಗೆ ಗವರ್ನರ್ ಗ್ರೆಗ್ ಅಬಾಟ್ ಮೇ ತಿಂಗಳಲ್ಲಿ ಸಹಿ ಹಾಕಿದರು, ಸೆಪ್ಟೆಂಬರ್ 1ರಂದು ಜಾರಿಗೆ ಬಂತು. ಸ್ಕ್ಯಾನಿಂಗ್‌ನಲ್ಲಿ ಹೃದಯದ ಚಲನೆ ಕಂಡ ಮೇಲೆ, ಅಂದರೆ ಸುಮಾರು ಆರು ವಾರದ ನಂತರ, ಗರ್ಭಪಾತ ಮಾಡಕೂಡದು. ‘ಆರು ವಾರ ಸಾಕಲ್ಲವೇ, ಒಂದೂವರೆ ತಿಂಗಳಾಯಿತಲ್ಲ’ ಎಂದು ತಿಳಿದವರೇ ಕೇಳಿದ್ದಾರೆ. ಲೆಕ್ಕ ಮಾಡಿ ನೋಡೋಣ. ನಾವು ಬಸಿರಿನ ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತೇವೆ. ಒಬ್ಬಳು ಸೆಪ್ಟೆಂಬರ್ 1ರಂದು ಮುಟ್ಟಾದಳು ಎನ್ನಿ. 28 ದಿನಕ್ಕೆ ತಪ್ಪದೆ ಆಗುವವಳು. 29ನೇ ತಾರೀಕು ಆಗಬೇಕಿತ್ತು, ಆಗಲಿಲ್ಲ. ಅವತ್ತಿಗೇ ಆಕೆ ನಾಲ್ಕು ವಾರದ ಬಸುರಿ. ಆರು ವಾರ ತುಂಬುವುದು ಅಕ್ಟೋಬರ್ 13ಕ್ಕೆ. ಮಧ್ಯೆ ಇರುವುದು ಹದಿನಾಲ್ಕು ದಿನ. ಅಷ್ಟರಲ್ಲಿ ಅನುಮಾನ ಬರಬೇಕು, ಟೆಸ್ಟ್ ಕಿಟ್ ತರಬೇಕು, ಮನಸ್ಸು ಗಟ್ಟಿ ಮಾಡಬೇಕು, ದುಡ್ಡು ಹೊಂದಿಸಬೇಕು, ಸ್ಕ್ಯಾನಿಂಗ್‌ಗೊಮ್ಮೆ ಚಿಕಿತ್ಸೆಗೊಮ್ಮೆ ಹೋಗಬೇಕು. ಪಿಸಿಓಡಿ ಎಂಬ ಅಂಡಾಶಯದ ತೊಂದರೆ ಇದ್ದು ಎರಡು ತಿಂಗಳಿಗೊಮ್ಮೆ ಮುಟ್ಟಾಗುವವರಿಗೆ, ಮಗುವಿಗೆ ಹಾಲೂಡಿಸುತ್ತಿರುವವರಿಗೆ, ಗೊತ್ತಾಗುವಷ್ಟರಲ್ಲೇ ಗಡುವು ಮುಗಿದಿರುತ್ತದೆ. ಅಪ್ರಾಪ್ತ ಹುಡುಗಿಯಾದರೆ ತಂದೆ ಅಥವಾ ತಾಯಿಯ ಒಪ್ಪಿಗೆ, ಅದಿಲ್ಲದಿದ್ದರೆ ನ್ಯಾಯಾಧೀಶರ ಅನುಮತಿಯೂ ಬೇಕಿತ್ತು.

ಕಾನೂನು ವಿದ್ಯಾರ್ಥಿಗಳು ಗಮನಿಸಬೇಕಾದ್ದು ಇದರ ಜಾರಿಯ ವಿಧಾನ. ಸರ್ಕಾರ ಯಾರನ್ನೂ ಹಿಡಿಯುವುದಿಲ್ಲ. ಯಾವ ಖಾಸಗಿ ವ್ಯಕ್ತಿ ಬೇಕಾದರೂ, ಆ ಹೆಂಗಸಿಗೆ ಸಂಬಂಧವೇ ಇಲ್ಲದವನೂ, ಗರ್ಭಪಾತ ಮಾಡಿದ ವೈದ್ಯರ ಮೇಲೆ, ಅದಕ್ಕೆ ನೆರವಾದವರ ಮೇಲೆ ಸಿವಿಲ್ ದಾವೆ ಹೂಡಬಹುದು. ಗೆದ್ದರೆ ಕನಿಷ್ಠ 10,000 ಡಾಲರ್ ವಸೂಲಿ. ಹಣ ಕೊಟ್ಟವರೂ ನೆರವಾದವರೇ. ಕ್ಲಿನಿಕ್ಕಿಗೆ ಕಾರಿನಲ್ಲಿ ಬಿಟ್ಟುಬಂದವರ ಮೇಲೂ ಬೀಳಬಹುದು ಎಂಬ ಭಯದಿಂದ ಊಬರ್ ಮತ್ತು ಲಿಫ್ಟ್ ಎಂಬ ಟ್ಯಾಕ್ಸಿ ಕಂಪನಿಗಳು ಚಾಲಕರ ವಕೀಲರ ಖರ್ಚು ತಾವು ಕೊಡುವುದಾಗಿ ಹೇಳಬೇಕಾಯಿತು. ಸರ್ಕಾರದ ಅಧಿಕಾರಿ ಜಾರಿ ಮಾಡುವುದಿಲ್ಲವಾದ್ದರಿಂದ ತಡೆಯಾಜ್ಞೆ ಯಾರ ವಿರುದ್ಧ ಕೊಡುವುದು? ಈ ತೊಡಕಿನಲ್ಲೇ ಸುಪ್ರೀಂ ಕೋರ್ಟು 5–4ರಲ್ಲಿ ಕಾನೂನನ್ನು ತಡೆಯಲು ಒಪ್ಪಲಿಲ್ಲ. ರೋ ತೀರ್ಪು ಇನ್ನೂ ಜೀವಂತವಾಗಿರುವಾಗಲೇ ಟೆಕ್ಸಸ್‌ನಲ್ಲಿ ಗರ್ಭಪಾತಗಳ ಸಂಖ್ಯೆ ಒಂದೇ ತಿಂಗಳಲ್ಲಿ ಅರ್ಧಕ್ಕಿಳಿಯಿತು. ಮೊಕದ್ದಮೆಗಳು ಬಂದದ್ದು ಬೆರಳೆಣಿಕೆಯಷ್ಟು. ಸ್ಯಾನ್ ಆಂಟೋನಿಯೊದ ಡಾ. ಆಲನ್ ಬ್ರೇಡ್ ತಾನು ಗಡುವು ಮೀರಿ ಒಂದು ಗರ್ಭಪಾತ ಮಾಡಿದ್ದೇನೆ ಎಂದು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದರು, ಅವರ ಮೇಲಿನ ದಾವೆಯೂ ಕೊನೆಗೆ ವಜಾ ಆಯಿತು. ದಾವೆ ಹೂಡುವ ಅಗತ್ಯವೇ ಇರಲಿಲ್ಲ. ಹೂಡಬಹುದು ಎಂಬುದೇ ಸಾಕಾಗಿತ್ತು.

2022ರ ಜೂನ್ 24ರಂದು ಡಾಬ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರೋ ತೀರ್ಪನ್ನೇ ರದ್ದುಮಾಡಿತು. ಹಾಗಾದರೆ ಜಾರಿಗೆ ಬರಲೆಂದು ಟೆಕ್ಸಸ್ ಹಿಂದಿನ ವರ್ಷವೇ ಒಂದು ಕಾನೂನು ಮಾಡಿಟ್ಟಿತ್ತು. ಅದು 2022ರ ಆಗಸ್ಟ್ 25ರಿಂದ ಜಾರಿಯಾಯಿತು. ಅದರ ಪ್ರಕಾರ ಗರ್ಭ ನಿಂತ ಕ್ಷಣದಿಂದಲೇ ಗರ್ಭಪಾತ ಅಪರಾಧ. ಮಾಡಿದವರಿಗೆ ಐದು ವರ್ಷದಿಂದ 99 ವರ್ಷ ಅಥವಾ ಜೀವಾವಧಿ ಸೆರೆ, ಕನಿಷ್ಠ ಒಂದು ಲಕ್ಷ ಡಾಲರ್ ದಂಡ, ವೈದ್ಯ ಪರವಾನಗಿ ರದ್ದು. ಅತ್ಯಾಚಾರದಿಂದಾದ ಬಸಿರಿಗೆ ವಿನಾಯಿತಿ ಇಲ್ಲ. ರಕ್ತಸಂಬಂಧಿಯಿಂದಾದ ಬಸಿರಿಗೂ ಇಲ್ಲ. ಹುಟ್ಟಿದರೂ ಬದುಕದ ಶಿಶುವೆಂದು ಸ್ಕ್ಯಾನಿಂಗ್‌ನಲ್ಲಿ ಖಚಿತವಾದರೂ ಇಲ್ಲ. ಇರುವುದು ಒಂದೇ: ಬಸಿರಿನಿಂದ ಉಂಟಾದ ಅಥವಾ ಉಲ್ಬಣಿಸಿದ, ಪ್ರಾಣಾಪಾಯದ ದೈಹಿಕ ಸ್ಥಿತಿಯಲ್ಲಿ ತಾಯಿ ಸಾಯುವ ಅಥವಾ ಆಕೆಯ ಮುಖ್ಯ ಅಂಗದ ಕೆಲಸಕ್ಕೆ ಗಂಭೀರ ಧಕ್ಕೆಯಾಗುವ ಅಪಾಯವಿದ್ದರೆ, ವೈದ್ಯರು ವಿವೇಚನೆಯಿಂದ ನಿರ್ಧರಿಸಿ ಮಾಡಬಹುದು. ಗರ್ಭನಾಳದಲ್ಲಿ ನಿಂತ ಬಸಿರನ್ನು ತೆಗೆಯುವುದು, ಹೊಟ್ಟೆಯಲ್ಲೇ ಸತ್ತ ಶಿಶುವನ್ನು ತೆಗೆಯುವುದು ಕಾನೂನಿನ ಪ್ರಕಾರ ಗರ್ಭಪಾತವೇ ಅಲ್ಲ.

ಓದಲು ಸರಿಯಾಗಿಯೇ ಇದೆಯಲ್ಲ? ಇದೇ ವಾಕ್ಯವನ್ನು ರಾತ್ರಿ ಎರಡು ಗಂಟೆಗೆ ಹೆರಿಗೆ ವಾರ್ಡಿಗೆ ತೆಗೆದುಕೊಂಡು ಹೋಗೋಣ.

ಒಬ್ಬ ಹೆಂಗಸಿಗೆ 17 ಅಥವಾ 18 ವಾರ. ಬಯಸಿ ಬಯಸಿ ಆದ ಬಸಿರು. ನೀರು ಒಡೆದಿದೆ. ಆ ವಾರದಲ್ಲಿ ನೀರು ಒಡೆದರೆ ಮಗು ಉಳಿಯುವುದು ಬಹಳ ಅಪರೂಪ. ಶ್ವಾಸಕೋಶ ಬೆಳೆಯುವ ಹೊತ್ತೇ ಆಗಿರುವುದಿಲ್ಲ. ಆದರೆ ಡಾಪ್ಲರ್ ಇಟ್ಟರೆ ಶಿಶುವಿನ ಎದೆಬಡಿತ ಕೇಳುತ್ತದೆ. ಹಿಂದೆ ನಾವು ಏನು ಮಾಡುತ್ತಿದ್ದೆವು? ದಂಪತಿಯನ್ನು ಕೂರಿಸಿಕೊಂಡು ಎರಡೂ ದಾರಿ ಹೇಳುತ್ತಿದ್ದೆವು. ಕಾಯುವುದಾದರೆ ಕಾಯಬಹುದು, ಬೇಡವೆಂದರೆ ಅವತ್ತೇ ಹೆರಿಗೆ ಮಾಡಿಸಬಹುದು. ಹೆಚ್ಚಿನವರು ಅಳುತ್ತಲೇ ಎರಡನೆಯದನ್ನು ಒಪ್ಪುತ್ತಿದ್ದರು. 2021ರ ಸೆಪ್ಟೆಂಬರ್ ನಂತರ ವೈದ್ಯರ ಎದುರಿನ ಪ್ರಶ್ನೆ ಬೇರೆಯಾಯಿತು. ಈಕೆಗೆ ಈಗ ಜ್ವರ ಇಲ್ಲ, ರಕ್ತದೊತ್ತಡ ಸರಿಯಿದೆ, ಬಿಳಿ ರಕ್ತಕಣ ಸರಿಯಿದೆ. ಇದು ‘ಪ್ರಾಣಾಪಾಯದ ಸ್ಥಿತಿ’ಯೇ? ನಾನು ಹೌದೆಂದರೆ, ಎರಡು ವರ್ಷದ ನಂತರ ರಾಜ್ಯದ ಮುಖ್ಯ ಸರ್ಕಾರಿ ವಕೀಲರಾದ ಅಟಾರ್ನಿ ಜನರಲ್ ಕರೆಸಿದ ಮತ್ತೊಬ್ಬ ವೈದ್ಯ ಅಲ್ಲವೆಂದರೆ? ಆಗ ಪಾಳಿಯ ವೈದ್ಯೆ ಮೇಲಿನವರಿಗೆ ಫೋನ್ ಮಾಡುತ್ತಾರೆ, ಅವರು ಆಸ್ಪತ್ರೆಯ ವಕೀಲರಿಗೆ. ವಕೀಲರು ಬೆಳಿಗ್ಗೆ ನೋಡೋಣ ಅನ್ನುತ್ತಾರೆ. ನರ್ಸ್ ಆಗಿ ನನ್ನ ಕೆಲಸ ತಾಸಿಗೊಮ್ಮೆ ಜ್ವರ ನೋಡುವುದು. ನಾವು ಜ್ವರ ಬಾರದಿರಲಿ ಎಂದು ನೋಡುವವರು. ಆ ರಾತ್ರಿಗಳಲ್ಲಿ ಜ್ವರ ಬಂದರೆ ಚಿಕಿತ್ಸೆ ಶುರುಮಾಡಬಹುದಲ್ಲ ಎಂದು ಥರ್ಮಾಮೀಟರ್ ಹಿಡಿದು ನಿಂತಿರುತ್ತಿದ್ದೆವು. ಇದನ್ನು ಹೇಳಲು ನನಗೆ ಈಗಲೂ ಸಂಕಟವಾಗುತ್ತದೆ. ಬಸುರಿಯರ ಸೋಂಕು ಹೊಗೆಯಾಡದೆ ಹೊತ್ತಿಕೊಳ್ಳುವ ಬೆಂಕಿಯಂಥದ್ದು. ಕಂಡಾಗ ಅರ್ಧ ಮನೆ ಹೋಗಿರುತ್ತದೆ. ಚಳಿಜ್ವರ ಕಾಣಿಸಿದ ಮೇಲೆ ನಂಜು ಮೈಗೆಲ್ಲ ಏರಲು ಕೆಲವು ತಾಸು ಸಾಕು.

ಡಲ್ಲಾಸ್‌ನ ಎರಡು ದೊಡ್ಡ ಆಸ್ಪತ್ರೆಗಳ ವೈದ್ಯರು ಇಂಥ 28 ಹೆಂಗಸರ ದಾಖಲೆ ನೋಡಿ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 22 ವಾರಕ್ಕೆ ಮುಂಚೆ ತೊಡಕಾದವರು ಇವರೆಲ್ಲ. ಸರಾಸರಿ ಒಂಬತ್ತು ದಿನ ಕಾಯಿಸಲಾಗಿತ್ತು. ನೂರಕ್ಕೆ 57 ಮಂದಿಗೆ ಗಂಭೀರ ತೊಂದರೆಯಾಗಿತ್ತು. ತಕ್ಷಣ ಚಿಕಿತ್ಸೆ ಸಿಗುವ ರಾಜ್ಯಗಳಲ್ಲಿ ಇದು ನೂರಕ್ಕೆ 33. ಹ್ಯೂಸ್ಟನ್‌ನಲ್ಲಿ 2021ರ ಸೆಪ್ಟೆಂಬರ್‌ನಲ್ಲೇ, ಎಸ್‌ಬಿ 8 ಜಾರಿಯಾದ ತಿಂಗಳಲ್ಲಿ, 17 ವಾರದ ಬಸುರಿಯೊಬ್ಬರು ಗರ್ಭಸ್ರಾವ ಶುರುವಾಗಿ 40 ತಾಸು ಕಾದು, ಕೆಲವೇ ದಿನಗಳಲ್ಲಿ ಸೋಂಕಿನಿಂದ ತೀರಿಕೊಂಡರು. ಮನೆಯಲ್ಲಿ ಪುಟ್ಟ ಮಗಳಿದ್ದಳು. ಇದನ್ನೂ ಇಂಥ ಇನ್ನೂ ಕೆಲವು ಸಾವುಗಳನ್ನೂ ಬಯಲಿಗೆ ತಂದದ್ದು ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ. ಆ ವರದಿಗಳಿಗೆ 2025ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಬೆಳಗಾವಿಯಲ್ಲಿ ನಿಂತು ಇದನ್ನು ಹೇಳುವಾಗ ಸವಿತಾ ಹಾಲಪ್ಪನವರ್ ಹೆಸರು ಬಾರದೆ ಇರುವುದು ಸಾಧ್ಯವಿಲ್ಲ. ಈ ಊರಿನ ಮಗಳು, ದಂತವೈದ್ಯೆ, 31 ವರ್ಷ. ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ 17 ವಾರಕ್ಕೆ ಗರ್ಭಸ್ರಾವ ಶುರುವಾಯಿತು. ಮಗು ಉಳಿಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗರ್ಭ ತೆಗೆಯಿರಿ ಎಂದು ಕೇಳಿಕೊಂಡರು. ಎದೆಬಡಿತ ಇದೆ, ಆಗುವುದಿಲ್ಲ ಎಂದರು. 2012ರ ಅಕ್ಟೋಬರ್ 28ರಂದು ನಂಜಿನಿಂದ ಪ್ರಾಣ ಹೋಯಿತು. ಅಲ್ಲಿನ ಕಾನೂನಿನಲ್ಲೂ ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ ಮಾಡಬಹುದು ಎಂಬ ವಿನಾಯಿತಿ ಇತ್ತು. ಐರ್ಲೆಂಡಿನ ಜನ ಆ ಸಾವನ್ನು ಮರೆಯಲಿಲ್ಲ. 2018ರ ಮೇ 25ರಂದು ನೂರಕ್ಕೆ 66ರಷ್ಟು ಮತ ಹಾಕಿ ಸಂವಿಧಾನದಲ್ಲಿದ್ದ ನಿಷೇಧವನ್ನೇ ತೆಗೆದುಹಾಕಿದರು. ಅಲ್ಲಿಂದ ಮೂರು ವರ್ಷಕ್ಕೆ ಟೆಕ್ಸಸ್ ಎಸ್‌ಬಿ 8 ಬರೆಯಿತು. ಸವಿತಾ ಅವರ ಪ್ರಕರಣ ನಾನು ನರ್ಸಿಂಗ್ ಓದುವಾಗಿನದಲ್ಲ, ಆಗಲೇ ಕೆಲಸದಲ್ಲಿದ್ದೆ. ಐರ್ಲೆಂಡಿನಲ್ಲಿ ಆದದ್ದು ನಮ್ಮ ವಾರ್ಡಿನಲ್ಲಿ ಆಗಬಹುದು ಎಂದು ನಾನಾಗಲಿ ನನ್ನ ಜೊತೆಯವರಾಗಲಿ ಆಗ ಕನಸಿನಲ್ಲೂ ಎಣಿಸಿರಲಿಲ್ಲ.

ಆಸ್ಟಿನ್‌ನ ಅಮಾಂಡಾ ಜುರಾವ್‌ಸ್ಕಿ ಬದುಕಿ ಉಳಿದವರು. ಬಂಜೆತನಕ್ಕೆ ಚಿಕಿತ್ಸೆ ಪಡೆದು ಬಸುರಿಯಾದವರು. 2022ರ ಆಗಸ್ಟ್‌ನಲ್ಲಿ ಸುಮಾರು 18 ವಾರಕ್ಕೆ ನೀರು ಒಡೆಯಿತು. ಎದೆಬಡಿತ ಇದ್ದುದರಿಂದ ವೈದ್ಯರು ಏನೂ ಮಾಡಲಾಗಲಿಲ್ಲ. ಮೈ ನಂಜೇರಿದ ಮೇಲೆ ಹೆರಿಗೆ ಮಾಡಿಸಿದರು. ಮೂರು ದಿನ ಐಸಿಯುನಲ್ಲಿದ್ದರು, ಒಂದು ಗರ್ಭನಾಳ ಶಾಶ್ವತವಾಗಿ ಮುಚ್ಚಿಹೋಯಿತು. 2023ರ ಮಾರ್ಚ್‌ನಲ್ಲಿ ಅವರೂ ಇನ್ನು ಕೆಲವು ಹೆಂಗಸರೂ ವೈದ್ಯೆಯರೂ ಸೇರಿ ರಾಜ್ಯದ ಮೇಲೆ ದಾವೆ ಹೂಡಿದರು. ಅವರು ಕೇಳಿದ್ದು ಕಾನೂನು ರದ್ದುಮಾಡಿ ಎಂದಲ್ಲ. ವೈದ್ಯರು ಪ್ರಾಮಾಣಿಕವಾಗಿ ನಿರ್ಧರಿಸಿದ್ದರೆ ಅವರನ್ನು ಜೈಲಿಗೆ ಕಳಿಸುವುದಿಲ್ಲ ಎಂದು ಸ್ಪಷ್ಟಪಡಿಸಿ, ಅಷ್ಟೇ. ಕೆಳಗಿನ ಕೋರ್ಟು ಒಪ್ಪಿತು. ಟೆಕ್ಸಸ್ ಸುಪ್ರೀಂ ಕೋರ್ಟು 2024ರ ಮೇ 31ರಂದು ಒಪ್ಪಲಿಲ್ಲ. ಸಾವು ಬಾಗಿಲಿಗೆ ಬರುವ ತನಕ ವೈದ್ಯರು ಕಾಯಬೇಕಿಲ್ಲ, ಕಾನೂನು ಸ್ಪಷ್ಟವಾಗಿಯೇ ಇದೆ ಎಂದಿತು.

ಸ್ಪಷ್ಟವಾಗಿದ್ದರೆ ಕೇಟ್ ಕಾಕ್ಸ್ ಅವರಿಗೆ ಏನಾಯಿತು ನೋಡಿ. ಡಲ್ಲಾಸ್ ಕಡೆಯವರು, ಎರಡು ಮಕ್ಕಳ ತಾಯಿ, ಎರಡೂ ಸಿಸೇರಿಯನ್. 2023ರ ಡಿಸೆಂಬರ್‌ನಲ್ಲಿ ಸುಮಾರು 20 ವಾರದ ಬಸಿರು. ಶಿಶುವಿಗೆ ಟ್ರೈಸೋಮಿ 18 ಎಂಬ, ಸಾಮಾನ್ಯವಾಗಿ ಬದುಕಲು ಬಿಡದ ವರ್ಣತಂತು ದೋಷ. ಬಸಿರು ಮುಂದುವರಿದರೆ ಮುಂದೆ ಮಕ್ಕಳಾಗುವ ಸಾಧ್ಯತೆಗೇ ಕುತ್ತು ಎಂದು ವೈದ್ಯೆ ಹೇಳಿದರು. ಯಾರೂ ಮುಂದಾಗದ ಕಾರಣ ಬಸುರಿ ಹೆಂಗಸು ಕೋರ್ಟಿಗೆ ಹೋಗಿ ಅನುಮತಿ ಕೇಳಬೇಕಾಯಿತು. ಡಿಸೆಂಬರ್ 7ರಂದು ಆಸ್ಟಿನ್‌ನ ನ್ಯಾಯಾಧೀಶೆ ಮಾಯಾ ಗೆರಾ ಗ್ಯಾಂಬಲ್ ಅನುಮತಿ ಕೊಟ್ಟರು. ಅದೇ ದಿನ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಹ್ಯೂಸ್ಟನ್‌ನ ಮೂರು ಆಸ್ಪತ್ರೆಗಳಿಗೆ ಪತ್ರ ಬರೆದು, ಈ ಆದೇಶ ನಿಮ್ಮನ್ನು ಕಾಪಾಡುವುದಿಲ್ಲ ಎಂದು ಎಚ್ಚರಿಸಿದರು. ಮರುದಿನ ಟೆಕ್ಸಸ್ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 11ನೇ ತಾರೀಕು ಪೂರ್ತಿ ತಳ್ಳಿಹಾಕಿತು. ಅಷ್ಟರಲ್ಲಿ ಆಕೆ ಬೇರೆ ರಾಜ್ಯಕ್ಕೆ ಹೊರಟುಹೋಗಿದ್ದರು. ಆ ಪತ್ರವನ್ನು ಟೆಕ್ಸಸ್‌ನ ಪ್ರತಿಯೊಬ್ಬ ವೈದ್ಯರೂ ಓದಿದರು ಎಂದುಕೊಳ್ಳಿ. ನಾನು ಮೊದಲಿಂದ ಹೇಳುತ್ತಿರುವ ಭಯ ಎಲ್ಲಿಂದ ಬಂತು ಎಂದರೆ ಅಂಥ ಪತ್ರಗಳಿಂದ.

ಇನ್ನು ದೂರದ ಮಾತು. ಟೆಕ್ಸಸ್ ಕರ್ನಾಟಕದ ಮೂರೂವರೆ ಪಟ್ಟು ದೊಡ್ಡದು, ಮೂರು ಕೋಟಿಗೂ ಹೆಚ್ಚು ಜನ. ಸುತ್ತಲಿನ ಲೂಸಿಯಾನಾ, ಅರ್ಕನ್ಸಾ, ಓಕ್ಲಹೋಮಾಗಳಲ್ಲೂ ನಿಷೇಧವಿದೆ. ಪಕ್ಕದಲ್ಲಿ ತೆರೆದಿರುವ ರಾಜ್ಯ ನ್ಯೂ ಮೆಕ್ಸಿಕೊ ಒಂದೇ, ಆಮೇಲೆ ಕ್ಯಾನ್ಸಸ್, ಕೊಲರಾಡೊ. ಎಲ್ ಪಾಸೊದವರಿಗೆ ಲಾಸ್ ಕ್ರೂಸಸ್ ಒಂದು ತಾಸಿನೊಳಗಿನ ದಾರಿ. ಡಲ್ಲಾಸ್‌ನಿಂದ ಆಲ್ಬುಕರ್ಕಿಗೆ ಸಾವಿರ ಕಿಲೋಮೀಟರ್, ಹ್ಯೂಸ್ಟನ್‌ನಿಂದ ಸುಮಾರು 1,400. 2023ರಲ್ಲಿ 35 ಸಾವಿರದಷ್ಟು ಟೆಕ್ಸಸ್ ಹೆಂಗಸರು ಹೊರರಾಜ್ಯಕ್ಕೆ ಹೋಗಿ ಗರ್ಭಪಾತ ಮಾಡಿಸಿಕೊಂಡರು ಎಂದು ಗುಟ್‌ಮಾಕರ್ ಎಂಬ ಸಂಶೋಧನಾ ಸಂಸ್ಥೆ ಅಂದಾಜಿಸಿದೆ. ಇವರು ಹೋಗಲು ಆದವರು. ಹೋಗಲಾಗದವರು ಯಾರು? ರಿಯೊ ಗ್ರಾಂಡ್ ಕಣಿವೆಯಲ್ಲಿ, ರೋಸಿ ಹಿಮೆನೆಸ್ ಸತ್ತ ಮೆಕಾಲನ್ ಸುತ್ತಮುತ್ತ, ವಲಸೆ ದಾಖಲೆಗಳಿಲ್ಲದ ಸಾವಿರಾರು ಹೆಂಗಸರಿದ್ದಾರೆ. ಅಲ್ಲಿಂದ ಉತ್ತರಕ್ಕೆ ಹೋಗುವ ಹೆದ್ದಾರಿಗಳಲ್ಲಿ, ಫಾಲ್‌ಫುರಿಯಸ್ ಮತ್ತು ಸರಿಟಾ ಎಂಬಲ್ಲಿ, ಗಡಿ ಪೊಲೀಸರ ತಪಾಸಣಾ ಠಾಣೆಗಳಿವೆ. ಪ್ರತಿ ವಾಹನ ನಿಲ್ಲಿಸಿ ಪೌರತ್ವ ಕೇಳುತ್ತಾರೆ. ಆ ಹೆಂಗಸರಿಗೆ ದಕ್ಷಿಣಕ್ಕೆ ದೇಶದ ಗಡಿ, ಉತ್ತರಕ್ಕೆ ಆ ಠಾಣೆ. ನ್ಯೂ ಮೆಕ್ಸಿಕೊದಲ್ಲಿ ಎಷ್ಟು ಕ್ಲಿನಿಕ್ ತೆರೆದರೂ ಅವರಿಗೆ ಸಿಗುವಂಥದ್ದೇನೂ ಇಲ್ಲ. ಇವರ ಬಗ್ಗೆ ಮಾತಾಡುವವರು ಬಹಳ ಕಡಿಮೆ, ಅದಕ್ಕೇ ಇಲ್ಲಿ ನಿಂತು ಹೇಳುತ್ತಿದ್ದೇನೆ.

ಕೆಲವು ಕೌಂಟಿಗಳು ತಮ್ಮ ರಸ್ತೆಯ ಮೇಲೆ ಗರ್ಭಪಾತಕ್ಕೆಂದು ಯಾರನ್ನೂ ಕರೆದುಕೊಂಡು ಹೋಗಬಾರದು ಎಂದೂ ನಿಯಮ ಮಾಡಿವೆ. ಲಬಕ್ ಕೌಂಟಿ 2023ರಲ್ಲಿ ಮಾಡಿತು. ಆದರೆ 2024ರ ನವೆಂಬರ್‌ನಲ್ಲಿ ಅಮರಿಲೊ ನಗರದ ಮತದಾರರು ಇಂಥದ್ದೇ ನಿಯಮವನ್ನು ತಿರಸ್ಕರಿಸಿದರು. ಅಮರಿಲೊ ಕಟ್ಟಾ ಸಂಪ್ರದಾಯಸ್ಥರ ಊರು. ಗರ್ಭಪಾತ ಪಾಪವೆಂದು ನಂಬಿದವರೇ ಅಲ್ಲಿ ಬೇಡವೆಂದು ಮತ ಹಾಕಿದ್ದಾರೆ.

ಆ ನಂಬಿಕೆಯವರನ್ನು ನಾನು ಹತ್ತಿರದಿಂದ ಬಲ್ಲೆ. ನನ್ನ ಜೊತೆ ಕೆಲಸ ಮಾಡಿದ ನರ್ಸುಗಳಲ್ಲಿ ಅರ್ಧದಷ್ಟು ಜನ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಹೊಟ್ಟೆಯಲ್ಲಿರುವುದು ದೇವರು ಕೊಟ್ಟ ಜೀವವೆಂದು ಮನಸಾರೆ ನಂಬಿದವರು. ಹುಟ್ಟಿ ಒಂದು ತಾಸು ಬದುಕಿದ ಕೂಸುಗಳಿಗೆ ಟೋಪಿ ಹೆಣೆದು ತರುತ್ತಿದ್ದವರು ಅವರೇ. ಅವರ ನಂಬಿಕೆಯ ಬಗ್ಗೆ ನನಗೆ ಗೌರವವಿದೆ. ಆದರೆ ಈ ಕಾನೂನು ಬಂದಮೇಲೆ ಕೂಸುಗಳ ಸಾವು ಕಡಿಮೆಯಾಗಲಿಲ್ಲ. ಟೆಕ್ಸಸ್‌ನಲ್ಲಿ ಒಂದು ವರ್ಷ ತುಂಬುವ ಮುನ್ನ ಸತ್ತ ಶಿಶುಗಳು 2021ರಲ್ಲಿ 1,985, 2022ರಲ್ಲಿ 2,240. ನೂರಕ್ಕೆ ಸುಮಾರು 13ರಷ್ಟು ಏರಿಕೆ. ದೇಶದ ಉಳಿದ ಭಾಗದಲ್ಲಿ ನೂರಕ್ಕೆ 2 ಕೂಡ ಇಲ್ಲ. ಹುಟ್ಟುದೋಷದಿಂದಾದ ಸಾವುಗಳೇ ಹೆಚ್ಚಿದವು. ಬದುಕುವುದಿಲ್ಲವೆಂದು ಮೊದಲೇ ಗೊತ್ತಿದ್ದ ಕೂಸುಗಳನ್ನು ಹೊತ್ತು, ಹೆತ್ತು, ಮಣ್ಣು ಮಾಡಿದ ತಾಯಂದಿರು ಆ ಅಂಕಿಯಲ್ಲಿದ್ದಾರೆ.

2025ರಲ್ಲಿ ಎರಡು ಹೊಸ ಕಾನೂನುಗಳು ಬಂದವು. ಒಂದು ಎಸ್‌ಬಿ 31. ಸಾವು ಕಣ್ಣೆದುರು ಬರುವ ತನಕ ಕಾಯಬೇಕಿಲ್ಲ ಎಂಬುದನ್ನು ಕಾನೂನಿನಲ್ಲೇ ಬರೆದು, ವೈದ್ಯರಿಗೂ ವಕೀಲರಿಗೂ ತರಬೇತಿ ಕೊಡಬೇಕೆಂದಿತು. ಎರಡೂ ಪಕ್ಷದವರು ಕೂಡಿ ಪಾಸು ಮಾಡಿದರು. ಬರೆದವರು ಎಸ್‌ಬಿ 8 ಬರೆದ ಸೆನೆಟರ್ ಬ್ರಯಾನ್ ಹ್ಯೂಸ್ ಅವರೇ. ಇದರಿಂದ ಕೆಲವು ಜೀವ ಉಳಿಯುತ್ತವೆ ಎಂದು ನಾನು ನಂಬುತ್ತೇನೆ. ಆದರೆ 99 ವರ್ಷದ ಶಿಕ್ಷೆ ಹಾಗೇ ಇದೆ.

ಇನ್ನೊಂದು ಎಚ್‌ಬಿ 7, ಗರ್ಭಪಾತದ ಮಾತ್ರೆಗಳ ಮೇಲಿನದು. ಅಂಥ ಮಾತ್ರೆಯಾದ ಮಿಫೆಪ್ರಿಸ್ಟೋನ್‌ಗೆ ಅಮೆರಿಕದ ಕೇಂದ್ರ ಔಷಧ ಇಲಾಖೆ 2000ದಲ್ಲೇ ಒಪ್ಪಿಗೆ ಕೊಟ್ಟಿದೆ. ನ್ಯೂಯಾರ್ಕ್‌ನಂಥ ರಾಜ್ಯಗಳು ತಮ್ಮ ವೈದ್ಯರಿಗೆ ರಕ್ಷಣೆ ಕೊಡುವ ಕಾನೂನು ಮಾಡಿಕೊಂಡಿವೆ. ಹಾಗಾಗಿ ಅಲ್ಲಿಂದ ಅಂಚೆಯಲ್ಲಿ ಮಾತ್ರೆ ಟೆಕ್ಸಸ್‌ಗೆ ಬರುತ್ತದೆ. ಹಾಗೆ ಕಳಿಸಿದ ನ್ಯೂಯಾರ್ಕ್ ವೈದ್ಯೆಗೆ 2025ರ ಫೆಬ್ರವರಿಯಲ್ಲಿ ಟೆಕ್ಸಸ್ ನ್ಯಾಯಾಲಯ ಒಂದು ಲಕ್ಷ ಡಾಲರ್ ಮೀರಿದ ದಂಡ ಹಾಕಿತು. ವಸೂಲಿಗೆಂದು ಕಾಗದ ಕಳಿಸಿದರೆ ನ್ಯೂಯಾರ್ಕ್‌ನ ಆಲ್ಸ್ಟರ್ ಕೌಂಟಿಯ ಗುಮಾಸ್ತರು ದಾಖಲಿಸಿಕೊಳ್ಳಲು ಒಪ್ಪಲಿಲ್ಲ. ಅದಕ್ಕೆ ಉತ್ತರವಾಗಿ ಎಚ್‌ಬಿ 7: ಮಾತ್ರೆ ತಯಾರಿಸಿದವರು, ಹಂಚಿದವರು, ಕಳಿಸಿದವರ ಮೇಲೆ ಖಾಸಗಿಯವರು ಕನಿಷ್ಠ ಒಂದು ಲಕ್ಷ ಡಾಲರ್‌ಗೆ ದಾವೆ ಹೂಡಬಹುದು. ಎಸ್‌ಬಿ 8ರ ಉಪಾಯವೇ, ಮೊತ್ತ ಹತ್ತು ಪಟ್ಟು. ಒಂದು ರಾಜ್ಯದ ತೀರ್ಪನ್ನು ಇನ್ನೊಂದು ರಾಜ್ಯ ಮಾನ್ಯ ಮಾಡಬೇಕೇ ಎಂಬ ಈ ಜಗಳ ಕೊನೆಗೆ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟಿಗೇ ಹೋಗಬೇಕು.

ಈಗ ನಿಮ್ಮ ಪ್ರಶ್ನೆಗಳು.

ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರು ಕೇಳಿದರು: “ಮೇಡಂ, ನರ್ಸ್ ಮೇಲೂ ಕೇಸ್ ಬೀಳಬಹುದಾ?”

ಬೀಳಬಹುದಮ್ಮ. ಎಸ್‌ಬಿ 8ರಲ್ಲಿ ನೆರವಾದವರೆಲ್ಲರೂ ಬರುತ್ತಾರೆ. ಕ್ರಿಮಿನಲ್ ಕಾನೂನೂ ವೈದ್ಯರಿಗೆ ಮಾತ್ರ ಎಂದು ಹೇಳುವುದಿಲ್ಲ. ಅದರಡಿ 2025ರ ಮಾರ್ಚ್‌ನಲ್ಲಿ ಆದ ಮೊದಲ ಬಂಧನ ಹ್ಯೂಸ್ಟನ್ ಬಳಿಯ ಒಬ್ಬ ಸೂಲಗಿತ್ತಿಯದು. ಕೆಲಸಕ್ಕೆ ಸೇರಿದ ದಿನವೇ ಆಸ್ಪತ್ರೆಯ ಲಿಖಿತ ನಿಯಮಾವಳಿ ಕೇಳಿ ಪಡೆಯಿರಿ. ರೋಗಿಯ ಜ್ವರ, ನಾಡಿ, ರಕ್ತದೊತ್ತಡ, ವೈದ್ಯರಿಗೆ ತಿಳಿಸಿದ ಹೊತ್ತು, ಇವನ್ನು ನಿಮಿಷ ಸಮೇತ ಬರೆಯಿರಿ. ನಾಳೆ ಆ ರೋಗಿಯನ್ನೂ ನಿಮ್ಮನ್ನೂ ಕಾಪಾಡುವುದು ಆ ಹಾಳೆ.

ಕಾನೂನು ವಿದ್ಯಾರ್ಥಿಯೊಬ್ಬರು ನಮ್ಮ ದೇಶದ ಕಾನೂನು ಇದಕ್ಕಿಂತ ಮುಂದಿದೆಯೇ ಎಂದರು. ಕಾಗದದ ಮೇಲೆ ಹೌದು. 1971ರ ಎಂಟಿಪಿ ಕಾಯ್ದೆ, ಅಂದರೆ ನಮ್ಮ ವೈದ್ಯಕೀಯ ಗರ್ಭಪಾತ ಕಾಯ್ದೆ, 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ, ಕೆಲವು ವರ್ಗದವರಿಗೆ 24 ವಾರದವರೆಗೆ ಇಬ್ಬರದು. ಡಾಬ್ಸ್ ತೀರ್ಪು ಬಂದು ಮೂರು ತಿಂಗಳಿಗೆ, 2022ರ ಸೆಪ್ಟೆಂಬರ್ 29ರಂದು, ನಮ್ಮ ಸುಪ್ರೀಂ ಕೋರ್ಟು ಮದುವೆಯಾಗದವರಿಗೂ ಇದೇ ಹಕ್ಕು ಎಂದಿತು. ಆದರೆ ಇಲ್ಲೂ ಹಕ್ಕು ಕೊಡುವ ಬದಲು ಅಪರಾಧಕ್ಕೆ ವಿನಾಯಿತಿ ಕೊಡುವ ರೂಪದಲ್ಲೇ ಕಾಯ್ದೆ ಇದೆ. ತಾಲೂಕು ಆಸ್ಪತ್ರೆಯಲ್ಲಿ ಗಂಡನ ಸಹಿ ತಾ ಎಂದು ಕಾನೂನಿನಲ್ಲಿಲ್ಲದ್ದನ್ನು ಕೇಳುವವರು ಇದ್ದಾರೆ. ಅದರ ಬಗ್ಗೆ ನೀವೇ ಒಂದು ಸಭೆ ಮಾಡಿ, ನಾನು ಕೇಳಲು ಬರುತ್ತೇನೆ.

ಕೊನೆಗೆ ಹಿರಿಯರೊಬ್ಬರು ಎದ್ದರು. “ನಮ್ಮ ಮಗಳು ಡಲ್ಲಾಸ್‌ನಾಗ ಅದಾಳ್ರೀ. ಈಗ ಮೂರು ತಿಂಗಳು. ನೀವು ಹೇಳಿದ್ದು ಕೇಳಿ ಎದಿ ಒಡದಂಗ ಆತು. ನಾವೇನ್ ಮಾಡಬೇಕ್ರೀ?”

ಹೆದರಬೇಡಿ ಕಾಕಾ. ಬಹುಪಾಲು ಬಸಿರುಗಳು ಸುಖವಾಗಿಯೇ ಮುಗಿಯುತ್ತವೆ, ಡಲ್ಲಾಸ್‌ನಲ್ಲಿ ಒಳ್ಳೆಯ ವೈದ್ಯರಿದ್ದಾರೆ. ಎರಡನೆಯದು, ಈ ಯಾವ ಕಾನೂನಿನಲ್ಲೂ ಬಸುರಿ ಹೆಂಗಸು ಅಪರಾಧಿಯಲ್ಲ. ಬೇರೆ ರಾಜ್ಯಕ್ಕೆ ಹೋಗಿ ಚಿಕಿತ್ಸೆ ಪಡೆಯುವುದೂ ಆಕೆಗೆ ಅಪರಾಧವಲ್ಲ. ಮುಂದಿನ ಭೇಟಿಯಲ್ಲಿ ಮಗಳು ತನ್ನ ವೈದ್ಯರನ್ನು ನೇರವಾಗಿ ಕೇಳಲಿ: ಅವಧಿಗೆ ಮುಂಚೆ ನೀರು ಒಡೆದರೆ ನೀವೂ ನಿಮ್ಮ ಆಸ್ಪತ್ರೆಯೂ ಏನು ಮಾಡುತ್ತೀರಿ? ಉತ್ತರ ತಡವರಿಸಿದರೆ ವೈದ್ಯರನ್ನು ಬದಲಿಸಲು ಈಗ ಹೊತ್ತಿದೆ. ಅಳಿಯ ತನ್ನ ಕಂಪನಿಯ ವಿಮೆಯಲ್ಲಿ ಹೊರರಾಜ್ಯದ ಚಿಕಿತ್ಸೆಗೆ ಪ್ರಯಾಣದ ಖರ್ಚು ಸಿಗುತ್ತದೆಯೇ ಎಂದು ನೋಡಿಕೊಳ್ಳಲಿ, ಹಲವು ದೊಡ್ಡ ಕಂಪನಿಗಳು 2022ರಿಂದ ಕೊಡುತ್ತಿವೆ. ಹೊರಟರೆ ಪಾಸ್‌ಪೋರ್ಟ್, ವೀಸಾ, ಅಮೆರಿಕ ಪ್ರವೇಶದ ದಾಖಲೆಯಾದ ಐ-94 ಹಾಳೆ ಜೊತೆಗಿರಲಿ. ಚಳಿ, ಜ್ವರ, ವಾಸನೆಯ ಸ್ರಾವ, ಎದೆ ಡವಡವ ಏನೇ ಆದರೂ ಮನೆಯಲ್ಲಿ ಕಾಯದೆ ತುರ್ತು ವಿಭಾಗಕ್ಕೆ ಹೋಗಲಿ. ಮನೆಗೆ ಹೋಗಿ ಎಂದರೆ, ಯಾಕೆ ಕಳಿಸುತ್ತಿದ್ದೀರಿ ಎಂದು ಬರೆದುಕೊಡಲು ಕೇಳಲಿ. ಇನ್ನೊಂದು, ವರ್ಣತಂತು ದೋಷ ತಿಳಿಯುವ ರಕ್ತಪರೀಕ್ಷೆಯನ್ನು ಹತ್ತು ವಾರಕ್ಕೇ ಮಾಡುತ್ತಾರೆ. 20ನೇ ವಾರದ ಸ್ಕ್ಯಾನಿಂಗ್ ತನಕ ಕಾದರೆ ಯೋಚಿಸಲು, ಪ್ರಯಾಣ ಮಾಡಲು ದಿನಗಳೇ ಉಳಿಯುವುದಿಲ್ಲ. ಮೂರು ತಿಂಗಳು ಅಂದಿರಲ್ಲ, ಆ ಪರೀಕ್ಷೆ ಆಗಿದೆಯೇ ಎಂದು ಇವತ್ತೇ ಫೋನ್ ಮಾಡಿ ಕೇಳಿ.